ದಿನಕ್ಕೆ ಮೂರೇ ಗ್ರಾಂ ಕ್ರಿಯೇಟಿನ್: ನನ್ನ ಅನುಭವ

ಭಾರ ಎತ್ತುವ ಬಲ ಹೆಚ್ಚಲೆಂದು ಕುಡಿಯುವ ಕ್ರಿಯೇಟಿನ್ ಪುಡಿ ನಿನ್ನ ಮೈಗೆ ಹಿಡಿಯುವುದಿಲ್ಲ ಎಂದು ಜೊತೆಯಲ್ಲಿ ಭಾರ ಎತ್ತುವವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಎರಡು ಸಲ ಸೋತಿದ್ದ ನಾನೂ ಹೆಚ್ಚುಕಡಿಮೆ ಹಾಗೆಯೇ ನಂಬಿದ್ದೆ. ಮೊದಲ ಸಲ ಲೋಡಿಂಗ್ (ಆರಂಭದ ಕೆಲವು ದಿನ ಹೆಚ್ಚು ಪ್ರಮಾಣ) ಎಂದು ದಿನಕ್ಕೆ 20 ಗ್ರಾಂ ಹಿಡಿದು, ನಾಲ್ಕು ಪಾಲು ಮಾಡಬೇಕಾದುದನ್ನು ಅವಸರಕ್ಕೆ ಎರಡೇ ಪಾಲಿನಲ್ಲಿ ಕುಡಿದುದರಿಂದ, ಮೂರನೆಯ ದಿನಕ್ಕೆ ಹೊಟ್ಟೆ ಕೆಟ್ಟು ಆ ವಾರದ ವ್ಯಾಯಾಮವೇ ತಪ್ಪಿತು. ಎರಡನೆಯ ಸಲ ಕ್ರಿಯೇಟಿನ್ನಿನ ಹೈಡ್ರೋಕ್ಲೋರೈಡ್ ರೂಪವೇ ಮೇಲೆಂಬ ಮಾತು ನಂಬಿ, ಸಾಮಾನ್ಯ ರೂಪವಾದ ಮಾನೋಹೈಡ್ರೇಟಿನ ಮೂರು ಪಟ್ಟು ಹಣ ತೆತ್ತು ಎರಡು ಡಬ್ಬಿ ಮುಗಿಸಿದರೂ ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವ ಸ್ಕ್ವಾಟ್‌ನಲ್ಲಿ ಒಂದು ರೆಪ್ (ಒಂದು ಸಲ ಕುಳಿತೇಳುವುದು) ಕೂಡ ಹೆಚ್ಚಲಿಲ್ಲ. ಆ ಹಣವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮೂರನೆಯ ಸಲ ಏನೂ ಬೆರೆಸದ ಮಾನೋಹೈಡ್ರೇಟ್ ತಂದು, ವ್ಯಾಯಾಮವಿಲ್ಲದ ದಿನವೂ ತಪ್ಪಿಸದೆ 3 ಗ್ರಾಂ ತೆಗೆದುಕೊಂಡೆ. ಇಷ್ಟು ಅಲ್ಪ ಪ್ರಮಾಣದಲ್ಲಿ ಸ್ನಾಯುವಿನಲ್ಲಿ ಕ್ರಿಯೇಟಿನ್ ತುಂಬಲು ಸುಮಾರು 28 ದಿನ ಬೇಕಾಗುವುದರಿಂದ ಮೊದಲ ಮೂರು ವಾರ ಏನೂ ಕಾಣಲಿಲ್ಲ. ಐದನೆಯ ವಾರ, 90 ಕೆಜಿಯ ಸ್ಕ್ವಾಟ್‌ನಲ್ಲಿ ಯಾವಾಗಲೂ ಐದು ರೆಪ್‌ಗೇ ನಿಲ್ಲುತ್ತಿದ್ದ ನನ್ನ ಮೂರನೆಯ ಸೆಟ್ (ಬಿಡುವಿಲ್ಲದೆ ಮಾಡುವ ಒಂದು ಸರದಿ) ಏಳನ್ನು ಮುಟ್ಟಿತು. ನನ್ನನ್ನು ಅನುಮಾನಿಸಿದವರೇ ಅದನ್ನು ಎಣಿಸಿದರು. ಮೈತೂಕ ಒಂದೂವರೆ ಕೆಜಿಯಷ್ಟು ಏರಿತ್ತು, ಬಹುಪಾಲು ಸ್ನಾಯು ಹಿಡಿದಿಟ್ಟ ನೀರು.

ಪುಡಿಯನ್ನು ಕರಗಿಸುವ ಬಗೆಯನ್ನೂ ಪರೀಕ್ಷಿಸಿದೆ. ತಣ್ಣೀರಿನಲ್ಲಿ ಕಲಕಿದರೆ ಲೋಟದ ತಳದಲ್ಲಿ ನುಣ್ಣನೆಯ ಮರಳಿನಂತೆ ಉಳಿಯುವುದು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗುತ್ತದೆ. ಹುಳಿ ರಸದಲ್ಲಿ ಕಲಸಿ ದಿನಗಟ್ಟಲೆ ಇಡುವುದು ಮಾತ್ರ ವ್ಯರ್ಥ, ಅದು ಅಲ್ಲಿಯೇ ಕ್ರಿಯಾಟಿನಿನ್ ಎಂಬ ಕೆಲಸಕ್ಕೆ ಬಾರದ ವಸ್ತು ಆಗತೊಡಗುತ್ತದೆ.

ನಿಜವಾದ ಹೆದರಿಕೆ ಬಂದದ್ದು ನಾಲ್ಕನೆಯ ತಿಂಗಳ ರಕ್ತಪರೀಕ್ಷೆಯಲ್ಲಿ. ಪ್ರತಿ ಡೆಸಿಲೀಟರ್ ರಕ್ತಕ್ಕೆ 1.0 ಮಿಲಿಗ್ರಾಂ ಆಸುಪಾಸಿನಲ್ಲಿದ್ದ ಕ್ರಿಯಾಟಿನಿನ್ 1.3 ದಾಟಿತ್ತು. ಅದನ್ನು ಹೊರಹಾಕುವುದು ಮೂತ್ರಪಿಂಡವಾದ್ದರಿಂದ, ಮೂತ್ರಪಿಂಡ ಹೋಯಿತೆಂದೇ ಹಲವರು ಹೇಳಿದರು. ಕ್ರಿಯೇಟಿನ್ ಒಡೆದಾಗ ಹುಟ್ಟುವುದೇ ಕ್ರಿಯಾಟಿನಿನ್ ಆದ್ದರಿಂದ ಆ ಒಂದು ಅಂಕಿ ಇಲ್ಲಿ ದಾರಿ ತಪ್ಪಿಸಬಲ್ಲದು. ವೈದ್ಯರಿಗೆ ಪುಡಿಯ ವಿಷಯ ತಿಳಿಸಿ ಕ್ರಿಯೇಟಿನ್ ಸೇವನೆಯಿಂದ ಏರದೆ ಮೂತ್ರಪಿಂಡದ ಸ್ಥಿತಿ ತೋರಿಸುವ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಮಾಡಿಸಿದೆ, ಅದು ಸಹಜವಾಗಿಯೇ ಇತ್ತು. ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರು ನನ್ನನ್ನು ನೋಡಿ ಇದಕ್ಕೆ ಕೈ ಹಾಕಬಾರದು. ಅವರ ವೈದ್ಯರ ಮಾತೇ ಕೊನೆಯದು.

ಆದರೂ ಮನಸ್ಸಿನ ಸಮಾಧಾನಕ್ಕಾಗಿ ಆರು ವಾರ ನಿಲ್ಲಿಸಿ ನೋಡಿದೆ. ಕ್ರಿಯಾಟಿನಿನ್ ಮತ್ತೆ 1.0ಕ್ಕೆ ಬಂತು, ಮೂರನೆಯ ಸೆಟ್ಟೂ ಆರಕ್ಕೆ ಇಳಿಯಿತು. ಮರುದಿನವೇ ತಕ್ಕಡಿ ತೆಗೆದು 3 ಗ್ರಾಂ ತೂಗಿದೆ.