ಚೊಚ್ಚಲ ಮೊಟ್ಟೆ ವಿಚಿತ್ರವಾಗಿದೆಯೇ? ಹೀಗೆ ಮಾಡಿ

ಬೆಳಿಗ್ಗೆ ಗೂಡಿಗೆ ಕೈ ಹಾಕಿದರೆ ಮೊಟ್ಟೆಯೇನೋ ಸಿಗುತ್ತದೆ, ಆದರೆ ಗೋಲಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಮರುದಿನ ನೋಡಿದರೆ ಚಿಪ್ಪೇ ಇಲ್ಲದ್ದು. ಅದರ ಮರುದಿನ ಇಷ್ಟು ದಪ್ಪದ್ದು ಹೇಗೆ ಬಂತಪ್ಪಾ ಅನ್ನಿಸುವಂಥದ್ದು. ಕೋಳಿಗೆ ಏನೋ ಕಾಯಿಲೆ ಎಂದು ಗಾಬರಿಯಾಗುವ ಮೊದಲು ಅದರ ವಯಸ್ಸು ಲೆಕ್ಕ ಹಾಕಿ. ಮೊಟ್ಟೆಗೆಂದೇ ಬೆಳೆಸಿದ ತಳಿಗಳು ಸುಮಾರು 18ರಿಂದ 22 ವಾರಕ್ಕೆ ಇಡಲು ಶುರು ಮಾಡುತ್ತವೆ. ದಪ್ಪ ಮೈಯ ತಳಿಗಳಿಗೆ ಇನ್ನೂ ತಡ. ಇಡಲು ಶುರು ಮಾಡಿ ಕೆಲವೇ ವಾರವಾಗಿದ್ದರೆ, ಹೆಚ್ಚಿನ ಸಲ ಕಾರಣ ಇಷ್ಟೇ: ಹೇಂಟೆಗೆ ಇನ್ನೂ ರೂಢಿಯಾಗಿಲ್ಲ.

ಮೊದಲು, ಮೊಟ್ಟೆ ಹೇಗೆ ತಯಾರಾಗುತ್ತದೆ ಅಂತ ತಿಳಿದುಕೊಳ್ಳಿ. ಆಮೇಲಿನದೆಲ್ಲ ಸುಲಭ. ಅಂಡಾಶಯದಿಂದ ಹಳದಿ ಬಿಡುಗಡೆಯಾಗಿ ಅಂಡನಾಳಕ್ಕೆ ಇಳಿಯುತ್ತದೆ. ಸುಮಾರು 3 ಗಂಟೆ ಅದರ ಸುತ್ತ ಬಿಳಿ ಲೋಳೆ ಕೂಡುತ್ತದೆ. ಮುಂದಿನ ಒಂದು ಗಂಟೆ ಚಿಲ್ಲರೆಯಲ್ಲಿ ಒಳಪೊರೆಗಳು ಬರುತ್ತವೆ. ಉಳಿದ ಸುಮಾರು 20 ಗಂಟೆ ಪೂರಾ ಚಿಪ್ಪಿನ ಕೆಲಸ. ಬಣ್ಣ ಬಳಿಯುವುದು ಬಹುಮಟ್ಟಿಗೆ ಕೊನೆಯಲ್ಲಿ. ಒಟ್ಟು 25 ಗಂಟೆಯ ಆಸುಪಾಸು. ಚೊಚ್ಚಲ ಹೇಂಟೆಯಲ್ಲಿ ಈ ಕೆಲಸಗಳ ನಡುವೆ ಹೊಂದಾಣಿಕೆ ಇರುವುದಿಲ್ಲ. ಒಂದು ಕಡೆ ಅವಸರ, ಇನ್ನೊಂದು ಕಡೆ ಮರೆವು.

ಈಗ ಕೈಯಲ್ಲಿರುವ ಮೊಟ್ಟೆ ನೋಡಿ. ತೀರಾ ಪುಟ್ಟದಾಗಿದ್ದರೆ ಬಟ್ಟಲಿಗೆ ಒಡೆಯಿರಿ. ಸಾಮಾನ್ಯವಾಗಿ ಬರೀ ಬಿಳಿ ಇರುತ್ತದೆ, ಹಳದಿ ಇರುವುದಿಲ್ಲ. ಅಂಡನಾಳದಲ್ಲಿ ಉದುರಿದ ಸಣ್ಣ ಚೂರೊಂದನ್ನು ಹಳದಿ ಅಂದುಕೊಂಡು ಮೈ ಅದಕ್ಕೇ ಲೋಳೆ ಸುತ್ತಿ, ಚಿಪ್ಪು ಹಾಕಿ ಕಳಿಸಿದೆ! ವಿಪರೀತ ದೊಡ್ಡದಾಗಿದ್ದರೆ ಎರಡು ಹಳದಿ ಒಟ್ಟಿಗೆ ಇಳಿದಿರುತ್ತವೆ. ನಡುವೆ ಬಳೆಯಂಥ ಗೆರೆ ಇದ್ದರೆ, ಚಿಪ್ಪು ಒಳಗೇ ಬಿರುಕು ಬಿಟ್ಟು ಮತ್ತೆ ಮುಚ್ಚಿಕೊಂಡಿದೆ ಅಂತ ಅರ್ಥ. ಆ ಹೊತ್ತಿಗೆ ಕೋಳಿ ಬೆದರಿರಬಹುದು, ಇಲ್ಲವೇ ಗೂಡಲ್ಲಿ ನೂಕುನುಗ್ಗಲು ಆಗಿರಬಹುದು. ಹೊರಗೆ ರಕ್ತದ ಗೀರು ಕಂಡರೆ, ಮೊಟ್ಟೆ ಹೊರಬರುವ ಸಣ್ಣ ಬಾಯಿಯಲ್ಲಿ ದೊಡ್ಡ ಮೊಟ್ಟೆ ಬಂದಿದೆ. ಒಮ್ಮೊಮ್ಮೆ ಆದರೆ ಪರವಾಗಿಲ್ಲ. ಒಳಗೆ ಕೆಂಪು ಚುಕ್ಕೆ ಇದ್ದರೆ ಹಳದಿ ಬಿಡುಗಡೆಯಾಗುವಾಗ ಒಂದು ನವಿರಾದ ರಕ್ತನಾಳ ಒಡೆದಿರುತ್ತದೆ. ಚುಕ್ಕೆ ತೆಗೆದು ಚೆನ್ನಾಗಿ ಬೇಯಿಸಿ ತಿನ್ನಬಹುದು.

ಜಾಸ್ತಿ ತಲೆ ಕೆಡಿಸುವುದು ಚಿಪ್ಪಿಲ್ಲದ ಮೊಟ್ಟೆ. ನನಗೆ ಮೊದಲ ಸಲ ಸಿಕ್ಕಿದ್ದು ಕೋಳಿಗಳು ರಾತ್ರಿ ಕೂರುವ ಗಳದ ಕೆಳಗೆ, ಹಿಕ್ಕೆಯ ನಡುವೆ. ಎತ್ತಿಕೊಂಡರೆ ನೀರು ತುಂಬಿದ ಬಲೂನಿನ ಹಾಗೆ ಅಂಗೈಯಲ್ಲಿ ಹರಡಿಕೊಂಡಿತು. ಇನ್ನೂ ಬೆಚ್ಚಗಿತ್ತು. ಬೆಳಕಿಗೆ ಹಿಡಿದರೆ ಒಳಗೆ ಹಳದಿ ಅತ್ತಿತ್ತ ಜಾರುವುದು ಕಾಣುತ್ತಿತ್ತು. ಪೊರೆಯವರೆಗೆ ಎಲ್ಲ ಸರಿಯಾಗಿ ನಡೆದು, ಚಿಪ್ಪಿನ ಕೆಲಸ ಆಗುವ ಮೊದಲೇ ಹೊರಬಿದ್ದಿತ್ತು. ಇಂಥದ್ದನ್ನು ತಿನ್ನಬೇಡಿ. ಕೊಳೆ ಒಳಗೆ ಹೋಗದಂತೆ ತಡೆಯುವ ಚಿಪ್ಪೇ ಇಲ್ಲವಲ್ಲ. ಕೋಳಿಗಳ ಕಣ್ಣಿಗೆ ಬೀಳುವ ಮೊದಲೇ ಅಲ್ಲಿಂದ ತೆಗೆಯಿರಿ. ಒಮ್ಮೆ ಕೊಕ್ಕಿಗೆ ರುಚಿ ಹತ್ತಿದರೆ ಮೊಟ್ಟೆ ಒಡೆದು ತಿನ್ನುವ ಚಾಳಿ ಬಿಡಿಸುವುದು ಬಹಳ ಕಷ್ಟ.

ಮುಂದಿನ ಕೆಲಸ ಮೇವಿನದು. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಬೆಳೆಯುವ ಮರಿಗಳ ಮೇವಿನಲ್ಲಿ ಕ್ಯಾಲ್ಸಿಯಂ ಶೇ 1ರ ಸುತ್ತ ಇದ್ದರೆ, ಮೊಟ್ಟೆ ಇಡುವ ಕೋಳಿಗಳ ಲೇಯರ್ ಮೇವಿನಲ್ಲಿ ಶೇ 3.5ರಿಂದ 4 ಇರುತ್ತದೆ. ಜುಟ್ಟು ಕೆಂಪಗಾಗಿ, ಹತ್ತಿರ ಹೋದರೆ ಹೇಂಟೆ ರೆಕ್ಕೆ ಸ್ವಲ್ಪ ಅಗಲಿಸಿ ಕುಕ್ಕರಿಸಿತೆಂದರೆ ಮೊಟ್ಟೆ ದೂರವಿಲ್ಲ. ಆಗ ಲೇಯರ್ ಮೇವಿಗೆ ಬದಲಾಯಿಸಿ. ಹಾಗಂತ ತಿಂಗಳುಗಟ್ಟಲೆ ಮೊದಲೇ ಕೊಡಬೇಡಿ. ಎಳೆ ಕೋಳಿಗೆ ಜಾಸ್ತಿ ಕ್ಯಾಲ್ಸಿಯಂ ಹೋದರೆ ಮೂತ್ರಪಿಂಡ ಹಾಳಾಗುತ್ತದೆ.

ಇದರ ಜೊತೆಗೆ ಪುಡಿಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿ ಇಡಿ. ಮೇವಿಗೆ ಬೆರೆಸಬೇಡಿ, ಬೇಕಾದಷ್ಟನ್ನು ಅವೇ ಆರಿಸಿಕೊಳ್ಳುತ್ತವೆ. ಪುಡಿ ತರಿತರಿಯಾಗಿರಲಿ. ಚಿಪ್ಪು ಕಟ್ಟುವ ಕೆಲಸದ ಬಹುಪಾಲು ನಡೆಯುವುದು ರಾತ್ರಿ, ಕೋಳಿ ಏನೂ ತಿನ್ನದ ಹೊತ್ತಿನಲ್ಲಿ. ದಪ್ಪ ಚೂರುಗಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತಾ ಆಗ ಕ್ಯಾಲ್ಸಿಯಂ ಒದಗಿಸುತ್ತವೆ. ನಾನು ಮೊದಲು ನುಣ್ಣನೆ ಹಿಟ್ಟು ಮಾಡಿ ಹಾಕಿ, ಯಾಕೆ ಸರಿಹೋಗುತ್ತಿಲ್ಲ ಅಂತ ತಲೆ ಕೆರೆದುಕೊಂಡಿದ್ದೆ. ಮೊಟ್ಟೆ ಚಿಪ್ಪನ್ನೇ ಕೊಡುವುದಾದರೆ ತೊಳೆದು, ಹುರಿದು, ಮೊಟ್ಟೆಯ ಗುರುತೇ ಸಿಗದ ಹಾಗೆ ಪುಡಿ ಮಾಡಿ.

ಗೂಡಿನ ವಿಷಯ ಚಿಕ್ಕದು. ಮಬ್ಬು ಬೆಳಕು, ಮೆತ್ತನೆಯ ಹಾಸು, ನಾಲ್ಕೈದು ಕೋಳಿಗೆ ಒಂದು ಪೆಟ್ಟಿಗೆ ಇದ್ದರೆ ಸಾಕು. ಒಳಗೊಂದು ಸುಳ್ಳು ಮೊಟ್ಟೆ ಇಟ್ಟರೆ ಜಾಗ ಬೇಗ ಗೊತ್ತಾಗುತ್ತದೆ.

ದಿನಾ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಪದ ಬರೆಯಿರಿ: ಪುಟ್ಟದು, ಮೆತ್ತಗೆ, ಸರಿ, ಇಲ್ಲ. ಅಡುಗೆಮನೆ ತಕ್ಕಡಿ ಇದ್ದರೆ ತೂಕವನ್ನೂ ಬರೆಯಿರಿ. ಮೊದಲ ಮೊಟ್ಟೆಗಳು 40 ಗ್ರಾಂ ಆಸುಪಾಸಿನಲ್ಲೇ ಇದ್ದರೂ ಬೇಜಾರಿಲ್ಲ. ಬರಬರುತ್ತಾ ತೂಕ ಏರುತ್ತದೆ, 'ಸರಿ' ಅನ್ನುವ ಪದವೂ ಜಾಸ್ತಿಯಾಗುತ್ತದೆ.

ಮೊಟ್ಟೆ ನೋಡುವುದರಲ್ಲಿ ಕೋಳಿಯನ್ನೇ ಮರೆಯಬೇಡಿ. ಮೇಯುತ್ತಾ, ಕೆದಕುತ್ತಾ, ಜಗಳ ಮಾಡುತ್ತಾ ಇದ್ದರೆ ಮೊಟ್ಟೆ ಹೇಗಿದ್ದರೂ ಕಾಯಬಹುದು. ಪುಕ್ಕ ಉಬ್ಬಿಸಿ ಮೂಲೆಯಲ್ಲಿ ಕೂತು, ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಹೊಟ್ಟೆ ಒತ್ತಿ ತೆಗೆಯಲು ಹೋಗಬೇಡಿ, ಒಳಗೆ ಒಡೆದರೆ ಪ್ರಾಣಕ್ಕೇ ಅಪಾಯ. ಬೆಚ್ಚಗಿನ ನೀರಿನಲ್ಲಿ ಹಿಂಭಾಗ ಮುಳುಗುವಂತೆ ಸ್ವಲ್ಪ ಹೊತ್ತು ಕೂರಿಸಿ, ಒರೆಸಿ, ಶಾಂತ ಜಾಗದಲ್ಲಿಡಿ. ಆಗಲೂ ಬರದಿದ್ದರೆ ಪಶುವೈದ್ಯರಿಗೆ ತೋರಿಸಿ. ಹಿಂಭಾಗದಿಂದ ಕೆಂಪು ಮಾಂಸ ಹೊರಗೆ ಬಂದಿದ್ದರೆ ಆ ಕೋಳಿಯನ್ನು ತಕ್ಷಣ ಬೇರೆ ಮಾಡಿ, ಉಳಿದವು ಕುಕ್ಕಿಬಿಡುತ್ತವೆ. ಹಲವು ಕೋಳಿಗಳು ಒಟ್ಟಿಗೆ ಸುಕ್ಕು ಚಿಪ್ಪಿನ, ನೀರು ನೀರಾದ ಮೊಟ್ಟೆ ಇಡುತ್ತಿದ್ದು, ಉಸಿರಾಟದಲ್ಲಿ ಗೊರಗೊರ ಶಬ್ದವೂ ಇದ್ದರೆ ಅದು ರೂಢಿಯಾಗದ ಮಾತಲ್ಲ, ಸೋಂಕಿರಬಹುದು. ವೈದ್ಯರ ಹತ್ತಿರ ಹೋಗುವಾಗ ಆ ಮೊಟ್ಟೆಗಳಲ್ಲಿ ಒಂದೆರಡನ್ನು ಡಬ್ಬಿಯಲ್ಲಿ ಹಾಕಿಕೊಳ್ಳಿ, ಕ್ಯಾಲೆಂಡರಿನ ಆ ಹಾಳೆಯನ್ನೂ ತೆಗೆದುಕೊಂಡು ಹೋಗಿ.