ಮೀನು ಗಾಡಿಯ ಬ್ರೇಕ್ ಪೈಪ್ ಸೋರುವುದು ಕೊನೆಗೂ ನಿಂತಿತು

ನನ್ನದು ಮಲ್ಪೆಯಿಂದ ಮೀನು ಹೊರುವ ಹಳೇ ಟಾಟಾ 407. ಐಸ್ ಕರಗಿದ ಉಪ್ಪುನೀರೆಲ್ಲ ಚಾಸಿ ಮೇಲೆಯೇ ಸುರಿಯುತ್ತದೆ. ಸ್ಟೀಲ್ ಬ್ರೇಕ್ ಪೈಪ್ ಎರಡು ಮೂರು ಮಳೆಗಾಲಕ್ಕೆ ಖತಂ. ಈ ಸಲ ಪೂರ್ತಿ ಕುಪ್ರೋನಿಕಲ್ (ತಾಮ್ರ-ನಿಕಲ್ ಮಿಶ್ರಲೋಹ) ಹಾಕುತ್ತೇನೆ, ಫ್ಲೇರ್ (ಜಾಯಿಂಟಿನಲ್ಲಿ ಕೂರಲು ಅಗಲಿಸಿದ ಪೈಪ್ ಬಾಯಿ) ನಾನೇ ಹೊಡೆಯುತ್ತೇನೆ ಅಂದೆ. "ಸುಮ್ನೆ ರೆಡಿಮೇಡ್ ತಂದು ಹಾಕಿ ಮಾರಾಯ್ರೆ" ಅಂದರು ಗ್ಯಾರೇಜಿನವರು. ಹಡಗಿನಲ್ಲಿ ಸಮುದ್ರದ ನೀರು ಹರಿಯುವ ಪೈಪಿಗೂ ಇದೇ ಲೋಹ, ನಮಗ್ಯಾಕೆ ಬೇಡ?

ಮೊದಲು 700-800 ರೂಪಾಯಿಯ ಫ್ಲೇರಿಂಗ್ ಸೆಟ್ ತಂದೆ. ಎಷ್ಟು ಬಿಗಿ ಹಿಡಿದರೂ ಪೈಪ್ ಹಿಂದಕ್ಕೆ ಜಾರುತ್ತಿತ್ತು. ಫ್ಲೇರ್ ಒಂದು ಬದಿಗೆ ವಾಲುತ್ತಿತ್ತು. ಮೀಟರ್‌ಗಟ್ಟಲೆ ಪೈಪ್ ಗುಜರಿಗೆ ಹೋಯಿತು. ಕೊನೆಗೆ 4 ಸಾವಿರದ ಆಸುಪಾಸು ಕೊಟ್ಟು ವೈಸ್‌ಗೆ ಕಚ್ಚಿಸುವ ಟೂಲ್ ತಂದೆ. ಅರ್ಧ ತಲೆನೋವು ಅಲ್ಲಿಗೇ ಹೋಯಿತು.

ಇನ್ನರ್ಧ ಇದ್ದದ್ದು ಪೈಪ್ ತುದಿಯಲ್ಲಿ. ಕತ್ತರಿಸಿದಾಗ ಒಳಗೆ ಉಳಿಯುವ ಚೂಪು ಅಂಚು, ಅಂದರೆ ಬರ್, ಎಲ್ಲರೂ ತೆಗೆಯುತ್ತಾರೆ. ಹೊರ ಅಂಚನ್ನೂ ಅರದಲ್ಲಿ ಸ್ವಲ್ಪ ಇಳಿಜಾರು ಮಾಡಿ. ಡೈ (ಬಾಯಿ ಅಗಲಿಸುವ ಅಚ್ಚು) ಒತ್ತುವ ಮುಂಚೆ ಒಂದು ತೊಟ್ಟು ಬ್ರೇಕ್ ಆಯಿಲ್ ಬಿಡಿ. ಡಬಲ್ ಫ್ಲೇರ್ (ಎರಡು ಒತ್ತಿನಲ್ಲಿ ಅಂಚು ಒಳಕ್ಕೆ ಮಡಚಿ ಎರಡು ಪದರ ಆಗುವ ಬಾಯಿ) ಆದ ಮೇಲೆ ಬಿಸಿಲಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಸೀಳು ಕಂಡರೂ ಕತ್ತರಿಸಿ ಬಿಸಾಡಿ. ಮೊದಲ ಒತ್ತು ಎಲ್ಲಿಗೆ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಹೇಳುವುದಿಲ್ಲ. ಈಗ ಅದೇ ಗ್ಯಾರೇಜಿನವರು ಪೈಪ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ!

ನಡುವೆ ಫ್ರಿಜ್ಜಿನ ತಾಮ್ರದ ಪೈಪಿಗೂ ಫ್ಲೇರ್ ಹೊಡೆದು ನೋಡಿದೆ, ಬೆಂಚ್ ಮೇಲೆ ಮಾತ್ರ. ಬೆಣ್ಣೆ ಹಾಗೆ ಬಂತು. ಆದರೆ ಗಾಡಿ ಅದುರಿ ಅದುರಿ ತಾಮ್ರ ಗಡುಸಾಗಿ ಸೀಳುತ್ತದೆ. ಬ್ರೇಕಿಗೆ ಅದು ಬೇಡವೇ ಬೇಡ.

ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತುವವರಿದ್ದಾರೆ. ಸೀಲ್ ಆಗುವುದು ಫ್ಲೇರ್ ಬಾಯಲ್ಲಿ, ಥ್ರೆಡ್‌ನಲ್ಲಿ ಅಲ್ಲ, ಅಲ್ವಾ? ನಾನು ನಟ್ ಬಿಗಿ ಮಾಡಿ, ಸಡಿಲಿಸಿ, ಮತ್ತೆ ಬಿಗಿ ಮಾಡುತ್ತೇನೆ, ಹೀಗೆ ಮೂರು ನಾಲ್ಕು ಸಲ. ಫ್ಲೇರ್ ತಾನಾಗಿ ಸೀಟಿಗೆ, ಅಂದರೆ ಜಾಯಿಂಟಿನೊಳಗೆ ಅದು ಒತ್ತಿಕೊಳ್ಳುವ ಜಾಗಕ್ಕೆ, ಕೂರುತ್ತದೆ.

ಹಿಂದಿನ ಚಕ್ರಗಳ ಕಡೆ ಪೈಪ್ ಕವಲೊಡೆಯುವ ಟೀ ಜಾಯಿಂಟ್ ಮಾತ್ರ ಜಿನುಗುತ್ತಲೇ ಇತ್ತು. ಹಿಂದೆ ಯಾರೋ ಬೇರೆ ಗಾಡಿಯ ಟೀ ಹಾಕಿದ್ದರು, ಅದರ ಸೀಟ್ ಬಬಲ್ ಫ್ಲೇರಿನದ್ದು (ಗುಳ್ಳೆಯಂತೆ ಉಬ್ಬಿದ, ಒಂದೇ ಪದರದ ಬಾಯಿ). ಥ್ರೆಡ್ ಹೊಂದಿತ್ತು, ಬಾಯಿ ಹೊಂದಿರಲಿಲ್ಲ. ಟೀ ಬದಲಿಸಿದೆ, ನಿಂತಿತು.

ಪೈಪಿನೊಳಗಿನ ಏರ್ ತೆಗೆದ ಮೇಲೆ ಪೆಡಲಿಗೆ ಮರದ ತುಂಡು ಆನಿಸಿ, ಪ್ರತಿ ಜಾಯಿಂಟ್ ಕೆಳಗೆ ಪೇಪರ್ ಹಾಸಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಒಂದು ಪೇಪರಿನಲ್ಲೂ ಕಲೆ ಇರಲಿಲ್ಲ.

ಟೂಲ್ ಸೇರಿ 9 ಸಾವಿರ ಮುಟ್ಟಿರಬಹುದು. ರೆಡಿಮೇಡ್ ಆಗಿದ್ದರೆ 3 ಸಾವಿರಕ್ಕೆ ಮುಗಿಯುತ್ತಿತ್ತು, ನಿಜ. ಆದರೆ ಎರಡನೇ ಮಳೆಗಾಲ ದಾಟಿದೆ, ಆಗುಂಬೆ ಘಾಟಿ ಇಳಿಯುವಾಗಲೂ ಪೆಡಲ್ ಗಟ್ಟಿಯಾಗಿಯೇ ಇದೆ. ಇನ್ನು ಬದಲಿಸಲು ಬಾಕಿ ಇರುವುದು ರಬ್ಬರ್ ಹೋಸ್‌ಗಳು.