ಹೆಬ್ಬೆರಳು ಕಟ್ಟಿಕೊಂಡು ಕಲಿತ ಮಂಗನ ಪಾಠ

“ಟೀಚರ್, ಮಂಗನ ವಿಷಯ ಎಂತ ಕಲಿಯುವುದು? ನಮ್ಮ ಬೊಂಡ ಎಲ್ಲ ಅದೇ ತೂತು ಮಾಡಿ ಬಿಸಾಡ್ತದೆ.”

ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಕೇಳಿದ ಮಾತು ಇದು. ಬೊಂಡ ಎಂದರೆ ನಮ್ಮ ಕಡೆ ಎಳನೀರು. ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ನಾನು ಪಾಠ ಮಾಡುತ್ತೇನೆ. ಮಕ್ಕಳ ಮನೆಯಲ್ಲಿ ತುಳು, ಮಲಯಾಳ, ಹವ್ಯಕ, ಮರಾಟಿ ಎಲ್ಲ ಉಂಟು. ಶಾಲೆಯಲ್ಲಿ ಕನ್ನಡ. ಆ ದಿನ ಮಳೆಕಾಡಿನ ಪ್ರಾಣಿಗಳ ಪಾಠಕ್ಕೆಂದು ಜೇಡ ಮಂಗನ ಚಿತ್ರ ತಂದಿದ್ದೆ. ಉದ್ದ ಕೈ, ಉದ್ದ ಕಾಲು, ಮೈಗಿಂತಲೂ ಉದ್ದದ ಬಾಲ. ಬಾಲದಲ್ಲೇ ಕೊಂಬೆ ಹಿಡಿದು ತಲೆಕೆಳಗಾಗಿ ನೇತಾಡುವ ಚಿತ್ರ. ಮೆಕ್ಸಿಕೋದ ದಕ್ಷಿಣದಿಂದ ಅಮೆಜಾನ್ ಕಾಡಿನವರೆಗೆ ಇವು ಇರುತ್ತವೆ ಎಂದು ಹೇಳಿದೆ. ಮಕ್ಕಳು ಸುಮ್ನೆ ನೋಡಿದರು. ಮೆಕ್ಸಿಕೋ ಎಂದರೆ ಅವರಿಗೆ ಏನು ಗೊತ್ತಾಗಬೇಕು?

ಆಗ ಒಬ್ಬಳು, “ನಮ್ಮ ಮಂಗ ಸಹ ಬಾಲದಲ್ಲಿ ಹಿಡಿಯುತ್ತದಾ?” ಎಂದಳು. ನಾನು ಯೋಚಿಸದೆ “ಸ್ವಲ್ಪ ಹಿಡಿಯುತ್ತದೆ” ಎಂದುಬಿಟ್ಟೆ. ತಪ್ಪು. ಸೋಮವಾರ ಬೊಂಡದ ಹುಡುಗ ಬಂದು ಹೇಳಿದ, “ಇಲ್ಲ ಟೀಚರ್, ಎರಡು ದಿನ ನೋಡಿದೆ. ಬಾಲ ಸುಮ್ನೆ ನೇತಾಡ್ತದೆ. ಕಪ್ಪು ಮುಖದ ಮುಜುವಿನದ್ದೂ ಅಷ್ಟೆ.” ಅವನು ಹೇಳಿದ್ದೇ ಸರಿ. ಆಫ್ರಿಕಾ, ಏಷ್ಯಾದ ಯಾವ ಮಂಗನಿಗೂ ದೊಡ್ಡದಾದ ಮೇಲೆ ಬಾಲದಲ್ಲಿ ತೂಗಲು ಆಗುವುದಿಲ್ಲ. ಆ ಬಾಲ ಇರುವುದು ಅಮೆರಿಕದ ಕೆಲವು ಮಂಗಗಳಿಗೆ ಮಾತ್ರ. ಕ್ಲಾಸಿನ ಎದುರು ಒಪ್ಪಿಕೊಂಡೆ. ಹಳ್ಳಿಯ ಮಕ್ಕಳು ಕಣ್ಣಾರೆ ನೋಡುವಷ್ಟು ನಾವು ದೊಡ್ಡವರು ನೋಡುವುದಿಲ್ಲ ಎಂದು ಅವತ್ತು ನನಗೆ ಚೆನ್ನಾಗಿ ಗೊತ್ತಾಯಿತು. ಚಿತ್ರ ತೋರಿಸಿ ಪಾಠ ಮಾಡುವುದನ್ನು ಅಲ್ಲಿಗೇ ಬಿಟ್ಟೆ.

ಮರುದಿನ ಹಳೆ ಲುಂಗಿ ಹರಿದು ಪಟ್ಟಿ ಮಾಡಿ ತಂದೆ. ಇಪ್ಪತ್ತನಾಲ್ಕು ಮಕ್ಕಳ ಹೆಬ್ಬೆರಳನ್ನು ಅಂಗೈಗೆ ಒತ್ತಿ ಕಟ್ಟಿದೆ. ಜೇಡ ಮಂಗನಿಗೆ ಹೆಬ್ಬೆರಳು ಇಲ್ಲ, ಇದ್ದರೂ ಒಂದು ಸಣ್ಣ ಗಂಟಿನ ಹಾಗೆ. ನಾಲ್ಕೇ ಬೆರಳು. “ಈಗ ಅಂಗಿಯ ಬಟನ್ ಹಾಕಿ” ಎಂದೆ. ಆಗಲಿಲ್ಲ. ನೆಲದಲ್ಲಿ ಬಿದ್ದ ಹುಣಸೆ ಬೀಜ ಹೆಕ್ಕಲು ಹೇಳಿದೆ. ಬೀಜ ಜಾರಿ ಜಾರಿ ಹೋಯಿತು. ಆಮೇಲೆ ಅಂಗಳದ ಪೇರಳೆ ಮರದ ತಗ್ಗಿನ ಕೊಂಬೆಗೆ ಕರೆದುಕೊಂಡು ಹೋದೆ. ಅಲ್ಲಿ ಎಲ್ಲರೂ ಆರಾಮವಾಗಿ ನೇತಾಡಿದರು! ನಾಲ್ಕು ಬೆರಳು ಬಗ್ಗಿಸಿದರೆ ಅದೇ ಒಂದು ಕೊಕ್ಕೆ. ಕೊಂಬೆಯಿಂದ ಕೊಂಬೆಗೆ ಬೇಗ ಬೇಗ ಹೋಗುವವರಿಗೆ ಹೆಬ್ಬೆರಳು ಅಡ್ಡವೇ. ಇದನ್ನು ನಾನು ಹೇಳಲಿಲ್ಲ, ಒಬ್ಬ ಹುಡುಗಿ ಹೇಳಿದಳು.

ಪಟ್ಟಿ ಬಿಚ್ಚಿದ ಮೇಲೆ ಆಫೀಸಿನಿಂದ ಸ್ಟ್ಯಾಂಪ್ ಪ್ಯಾಡ್ ತಂದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಗೆರೆಗಳನ್ನು ಭೂತಕನ್ನಡಿಯಲ್ಲಿ ನೋಡಿದೆವು. ಜೇಡ ಮಂಗನ ಬಾಲದ ತುದಿಯಲ್ಲಿ, ಒಳಬದಿಗೆ, ಕೂದಲೇ ಇಲ್ಲದ ಒಂದು ಜಾಗ ಉಂಟು. ಅಲ್ಲಿ ಇಂಥದ್ದೇ ಗೆರೆಗಳಿರುತ್ತವೆ, ಕೊಂಬೆ ಜಾರದ ಹಾಗೆ. ಆರರಿಂದ ಒಂಬತ್ತು ಕಿಲೋ ಮೈಯನ್ನು ಆ ಬಾಲ ಒಂದೇ ಹೊರುತ್ತದೆ. “ಹಾಗಾದರೆ ಅದು ಬಾಲದಲ್ಲಿ ಹೆಬ್ಬೆಟ್ಟು ಒತ್ತಬಹುದು” ಎಂದ ಒಬ್ಬ. ಹೌದಲ್ವಾ!

ಇಷ್ಟೆಲ್ಲ ಆದರೂ ಮರದಿಂದ ಮರಕ್ಕೆ ದಾಟುವುದು ಮಕ್ಕಳ ತಲೆಗೆ ಹೋಗಿರಲಿಲ್ಲ. ಈಗ ನಮ್ಮಲ್ಲಿ ಅಡಿಕೆ ಕೊಯ್ಲು ಜಾಸ್ತಿ ನೆಲದಲ್ಲಿ ನಿಂತೇ ಆಗುತ್ತದೆ, ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ. ಮರ ಹತ್ತುವವರೂ ಕಡಿಮೆ. ಒಬ್ಬ ಹುಡುಗಿಯ ಅಪ್ಪ ಈಗಲೂ ಹತ್ತುತ್ತಾರೆ. ಅವರನ್ನೇ ಕೇಳಿಕೊಂಡೆ. ಶಾಲೆಯ ಪಕ್ಕದ ತೋಟಕ್ಕೆ ಬಂದರು.

ಕಾಲಿಗೆ ತಳೆ ಹಾಕಿ ಹತ್ತಿದರು. ತುದಿಗೆ ಹೋದ ಮೇಲೆ ಮರವನ್ನು ಮೆಲ್ಲ ತೂಗಿದರು. ಒಂದು ಸಲ, ಎರಡು ಸಲ. ಮೂರನೇ ಸಲ ಆಚೆ ಮರ ಹತ್ತಿರ ಬಂತು. ಕೈ ಹಾಕಿ ಹಿಡಿದರು. ಕಾಲು ಈಚೆ ಮರದಲ್ಲಿ, ಕೈ ಆಚೆ ಮರದಲ್ಲಿ, ನಡುವೆ ಅವರ ಮೈ. “ಹಾಗೇ ನಿಲ್ಲಿ!” ಎಂದು ಕೂಗಿದೆ. ಜೇಡ ಮಂಗನ ತಾಯಿ ಹೀಗೆಯೇ ಮಾಡುತ್ತದೆ. ಎರಡು ಮರಗಳ ನಡುವೆ ಅಂತರ ಇದ್ದು ಮರಿಗೆ ದಾಟಲು ಆಗದಿದ್ದರೆ, ತಾಯಿ ಬಾಲದಲ್ಲಿ ಒಂದು ಕಡೆ, ಕೈಯಲ್ಲಿ ಇನ್ನೊಂದು ಕಡೆ ಹಿಡಿದು ತಾನೇ ಸಂಕ ಆಗುತ್ತದೆ. ಮರಿ ಅದರ ಬೆನ್ನ ಮೇಲೆ ನಡೆದು ಹೋಗುತ್ತದೆ. ಆ ಹುಡುಗಿ ತನ್ನ ಅಪ್ಪನನ್ನು ನೋಡುತ್ತಾ ನಿಂತ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.

ಗುಂಪಿನ ಆಟ ಸುಲಭವಾಗಿ ಆಯಿತು. ಮೊದಲು ಹಲಸಿನ ಸೊಳೆ ಎಲ್ಲ ಒಂದೇ ಬಾಳೆಲೆಯಲ್ಲಿ ಇಟ್ಟೆ. ಎಲ್ಲರೂ ಅಲ್ಲೇ ಸೇರಿದರು. ಎರಡನೇ ಸಲ ನೆಲ್ಲಿಕಾಯಿಯನ್ನು ಎರಡು ಮೂರರಂತೆ ಅಲ್ಲಲ್ಲಿ ಅಡಗಿಸಿದೆ. ಯಾರೂ ಹೇಳದೆ ಇಬ್ಬಿಬ್ಬರು, ಮೂವರು ಮೂವರಾಗಿ ಚದುರಿದರು. ಜೇಡ ಮಂಗಗಳು ತಿನ್ನುವುದು ಬಹುಪಾಲು ಮಾಗಿದ ಹಣ್ಣು. ಕಾಡಿನಲ್ಲಿ ಹಣ್ಣು ಕಡಿಮೆ ಇದ್ದಾಗ ಅವೂ ಹೀಗೆ ಚದುರುತ್ತವೆ, ಜಾಸ್ತಿ ಇದ್ದಾಗ ಕೂಡುತ್ತವೆ. ದೂರದಿಂದ ಒಂದನ್ನೊಂದು ಕರೆಯುವ ಕೂಗು ಕುದುರೆ ಕೆನೆದ ಹಾಗೆ. ಅದನ್ನು ಕಲಿಸಿದ್ದೇ ತಪ್ಪಾಯಿತೋ ಏನೋ, ಒಂದು ವಾರ ಶಾಲೆ ತುಂಬ ಕೆನೆತ.

ಕೊಕ್ಕೋ ವಿಷಯ ಬಂದಾಗ ಬೊಂಡದ ಹುಡುಗನಿಗೆ ಆಸಕ್ತಿ ಬಂತು. ಅವರ ಅಡಿಕೆ ತೋಟದ ನಡುವೆ ಕೊಕ್ಕೋ ಉಂಟು. ಬೀಜ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಹೋಗುತ್ತದೆ, 1986ರಲ್ಲಿ ಪುತ್ತೂರಲ್ಲಿ ಶುರುವಾದ ಚಾಕಲೇಟು ಕಾರ್ಖಾನೆ ಅವನಿಗೂ ಗೊತ್ತು. ಆ ಗಿಡದ ತವರು ಅಮೆಜಾನ್ ಎಂದು ಗೊತ್ತಿರಲಿಲ್ಲ. ಕೊಕ್ಕೋ ಕಾಯಿ ಮಾಗಿದರೂ ತಾನಾಗಿ ಒಡೆಯುವುದಿಲ್ಲ. ಅಲ್ಲಿನ ಮಂಗಗಳು ಅದನ್ನು ಒಡೆದು ಒಳಗಿನ ಸಿಹಿ ಲೋಳೆ ಚೀಪಿ, ಕಹಿ ಬೀಜವನ್ನು ಉಗಿಯುತ್ತವೆ. ಅಲ್ಲಿ ಗಿಡ ಹುಟ್ಟುತ್ತದೆ. “ನಮ್ಮಲ್ಲಿ ಸಹ ಹಾಗೇ! ಮಂಗ ತಿಂದು ಬಿಸಾಡಿದಲ್ಲಿ ಸಸಿ ಬರ್ತದೆ” ಎಂದ. ಇನ್ನೊಬ್ಬಳು ಕಬ್ಬೆಕ್ಕಿನ ಹಿಕ್ಕೆಯಲ್ಲಿ ಬೈನೆ ಬೀಜ ನೋಡಿದ್ದು ಹೇಳಿದಳು. ಜೇಡ ಮಂಗ ದೊಡ್ಡ ದೊಡ್ಡ ಬೀಜಗಳನ್ನೂ ಹಾಗೇ ನುಂಗಿ ದೂರ ಹಾಕುತ್ತದೆ, ಬೇಟೆಯಲ್ಲಿ ಅವು ಖಾಲಿಯಾದ ಕಾಡಿನಲ್ಲಿ ಅಂಥ ಮರಗಳ ಸಸಿ ಕಡಿಮೆಯಾಗುತ್ತದೆ ಎಂದೆ.

ಕೊನೆಯ ದಿನ ಲೆಕ್ಕ ಮಾಡಿಸಿದೆ. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ ಬೇಟೆಯಿಂದ ಜೇಡ ಮಂಗಗಳು ಇಲ್ಲವಾಗಿದ್ದವು. 1959ರಿಂದ ಕೆಲವು ಮರಿಗಳನ್ನು ತಂದು ಬಿಟ್ಟರು. ಅದರಲ್ಲಿ ಬದುಕಿ ಸಂಸಾರ ಬೆಳೆಸಿದ್ದು ಐದು, ಒಂದು ಗಂಡು, ನಾಲ್ಕು ಹೆಣ್ಣು. ಏಳೂವರೆ ತಿಂಗಳ ಬಸಿರು, ಒಂದು ಸಲಕ್ಕೆ ಒಂದೇ ಮರಿ, ಮುಂದಿನದ್ದಕ್ಕೆ ಸುಮಾರು ಮೂರು ವರ್ಷ. ಹಾಗಾದರೆ ಹನ್ನೆರಡು ವರ್ಷದಲ್ಲಿ ಈ ನಾಲ್ಕು ತಾಯಂದಿರಿಗೆ ಎಷ್ಟು ಮರಿ? ಮಕ್ಕಳು ಹದಿನಾರು ಎಂದರು. ನಿಜವಾಗಿ ಸುಮಾರು ನಲವತ್ತು ವರ್ಷ ಕಳೆದ ಮೇಲೂ ಅಲ್ಲಿ ಇದ್ದದ್ದು ಮೂವತ್ತರ ಆಸುಪಾಸು.

ಬೊಂಡದ ಹುಡುಗ ಸ್ಲೇಟು ಹಿಡಿದು ಬಂದ. “ಮೊದಲನೇ ದಿನವೇ ಒಂದು ಹೆಣ್ಣನ್ನು ಯಾರಾದರೂ ಕೊಂದರೆ, ಟೀಚರ್?” ನೀನೇ ಮಾಡು ಎಂದೆ. ಅವನು ಹದಿನಾರನ್ನು ಅಂಗೈಯಿಂದ ಉಜ್ಜಿ ಹನ್ನೆರಡು ಎಂದು ಬರೆದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ, ಹುಟ್ಟಿದ ಮರಿಗಳೂ ದೊಡ್ಡವಾಗಿ ಮರಿ ಹಾಕುತ್ತಿದ್ದವಲ್ಲ, ಅದನ್ನೂ ಕಳೆಯಬೇಕಲ್ಲ ಎಂದು ವಾಪಸ್ ಬೆಂಚಿಗೆ ಹೋಗಿ ಕುಳಿತ.